ಶುಕ್ರವಾರ ಮಧ್ಯಾಹ್ನ, ದೂಯಿಸಿಯ ಹಳೇ ಮಸೀದಿಯಲ್ಲಿ

(ಹೋದ ತಿಂಗಳು ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಆವತ್ತು ಗಡಿಬಿಡಿಯಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ, ಸುಮ್ನೆ ಎಳೆದದ್ದನ್ನು ಕತ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಇತಿಹಾಸ ಓದಿದವಳಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ನನ್ನ ಅಕ್ಕನ ಮಗಳು ಮೆಡಿಕಲ್ ಓದಲು ಜಾರ್ಜಿಯಾಕ್ಕೆ ಹೋಗಿದ್ದಾಳೆ. ಅಮೆರಿಕದ ಜಾರ್ಜಿಯಾ ಅಲ್ಲ, ರಷ್ಯಾದ ಕೆಳಗೆ, ಟರ್ಕಿಯ ಪಕ್ಕ ಇರುವ ಪುಟ್ಟ ದೇಶ. ಅದರ ರಾಜಧಾನಿ ತ್ಬಿಲಿಸಿಯಲ್ಲಿ ನಮ್ಮ ಕಡೆಯ ಎಷ್ಟೋ ಮಕ್ಕಳು ಓದುತ್ತಿದ್ದಾರೆ, ನಿಮ್ಮಲ್ಲಿ ಕೆಲವರ ನೆಂಟರ ಮಕ್ಕಳೂ ಇರಬಹುದು. ಅವಳನ್ನು ನೋಡಲು ಅಂತ ಹೋದೆ. ಹೋದವಳು ಒಂದು ಶುಕ್ರವಾರ ಚೆಚೆನ್ನರ ಮಸೀದಿಯಲ್ಲಿ ಕೂತಿದ್ದೆ. ಅದು ಹೇಗೆ ಅಂತ ಹೇಳುವುದೇ ಇವತ್ತಿನ ಕೆಲಸ.

ಪಾಂಕಿಸಿ ಅಂತ ಒಂದು ಕಣಿವೆ. ಜಾರ್ಜಿಯಾದ ಈಶಾನ್ಯ ಮೂಲೆ, ಕಖೇತಿ ಪ್ರಾಂತ್ಯ, ಅಖ್ಮೇತಾ ಅನ್ನುವ ಪೇಟೆ ದಾಟಿದರೆ ಶುರು. ಅಲಜಾನಿ ಅನ್ನುವ ಹೊಳೆ ಬೆಟ್ಟದಿಂದ ಇಳಿದು ಬರುವ ಜಾಗ. ಬೆಟ್ಟದ ಆಚೆಗೆ ರಷ್ಯಾಕ್ಕೆ ಸೇರಿದ ಚೆಚೆನ್ಯಾ, ಚೆಚೆನ್ನರ ತವರು. ಹೋಗುತ್ತೇನೆ ಅಂದ ಕೂಡಲೇ ಅಕ್ಕನ ಮಗಳು, "ಚಿಕ್ಕಮ್ಮ, ಅಲ್ಲಿಗ್ಯಾಕೆ, ಅದು ಟೆರರಿಸ್ಟ್ ಜಾಗ ಅಂತೆ" ಅಂದಳು. ಅವಳ ತಪ್ಪಲ್ಲ. ಗೂಗಲ್ ಮಾಡಿದರೆ ಮೊದಲು ಬರುವುದೇ ಅದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮರ್ಷ್ರುತ್ಕಾ ಅಂತ ಅಲ್ಲಿ ಓಡಾಡುವ ವ್ಯಾನು, ನಮ್ಮ ಮ್ಯಾಕ್ಸಿಕ್ಯಾಬಿನ ಅಣ್ಣತಮ್ಮ. ತುಂಬದೆ ಹೊರಡುವುದಿಲ್ಲ, ತುಂಬಿದ ಮೇಲೂ ಇನ್ನಿಬ್ಬರಿಗೆ ಜಾಗ ಆಗುತ್ತದೆ. ಅಕ್ಟೋಬರ್ ತಿಂಗಳು, ದ್ರಾಕ್ಷಿ ಕೀಳುವ ಕಾಲ, ದಾರಿ ತುಂಬಾ ದ್ರಾಕ್ಷಿ ತುಂಬಿದ ಲಾರಿಗಳು. ಕಖೇತಿ ಅಂದರೆ ವೈನಿನ ಸೀಮೆ. ಪಾಂಕಿಸಿಯ ದೂಯಿಸಿ ಅನ್ನುವ ಊರು ಬಂದ ಕೂಡಲೇ ಅದೆಲ್ಲ ನಿಂತುಹೋಯಿತು. ರಸ್ತೆ ಮಧ್ಯೆ ದನ, ಅಂಗಳದಲ್ಲಿ ಅಕ್ರೋಟಿನ ಮರ, ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸರು.

ಇಲ್ಲಿರುವ ಚೆಚೆನ್ನರಿಗೆ ಕಿಸ್ತರು ಅಂತ ಹೆಸರು. 2014ರ ಜನಗಣತಿಯ ಪ್ರಕಾರ ಇಡೀ ಜಾರ್ಜಿಯಾದಲ್ಲಿ ಅವರು 5,697 ಜನ. ನಮ್ಮ ಒಂದು ದೊಡ್ಡ ಹಳ್ಳಿಯಷ್ಟು, ಅಷ್ಟೇ. 19ನೇ ಶತಮಾನದಲ್ಲಿ ಬೆಟ್ಟ ಇಳಿದು ಬಂದವರು. ಯಾಕೆ ಬಂದರು ಅಂದರೆ ಒಂದೇ ಕಾರಣ ಇಲ್ಲ. ಮೇಲೆ ಭೂಮಿ ಸಾಲದು, ಜೊತೆಗೆ ಕೊಲೆಗೆ ಕೊಲೆ ತೀರಿಸುವ ಹಗೆ, ಜೊತೆಗೆ ರಷ್ಯಾದ ಚಕ್ರವರ್ತಿಯ ಸೈನ್ಯ ದಶಕಗಳ ಕಾಲ ನಡೆಸಿದ ಯುದ್ಧ. ದೂಯಿ ಅನ್ನುವವನು ತನ್ನವರನ್ನು ಕಟ್ಟಿಕೊಂಡು ಬಂದು ಇಳಿದ ಊರು ದೂಯಿಸಿ, ಜೋಕೋಲಾ ಅನ್ನುವವನು ಇಳಿದ ಊರು ಜೋಕೋಲೋ. ಊರಿನ ಹೆಸರಿಗೆ ಇದಕ್ಕಿಂತ ಸುಲಭದ ವಿವರಣೆ ನಾನು ಕೇಳಿಲ್ಲ.

ಮನೆಯಲ್ಲಿ ಆಡುವುದು ಚೆಚೆನ್ ಭಾಷೆ, ಶಾಲೆಯಲ್ಲಿ ಜಾರ್ಜಿಯನ್. ಅಡ್ಡಹೆಸರುಗಳೆಲ್ಲ ಜಾರ್ಜಿಯನ್ ಥರ, ಕೊನೆಯಲ್ಲಿ 'ಶ್ವಿಲಿ' ಬರುತ್ತದೆ. ಮಾರ್ಗೋಶ್ವಿಲಿ, ಆಚಿಶ್ವಿಲಿ, ಹೀಗೆ. ಶ್ವಿಲಿ ಅಂದರೆ ಮಗು. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಕಡೆ ಬೇಕಾಗುತ್ತವೆ.

ನಾವು ಉಳಿದ ಮನೆಯ ಯಜಮಾನಿ ಬಾಗಿಲಲ್ಲೇ ನಿಂತು "ಮರ್ಷ ಯೋಘೀಲ" ಅಂದರು. ಅರ್ಥ, ಸ್ವತಂತ್ರಳಾಗಿ ಬಾ. ಬಂದವರಿಗೆ ಚೆಚೆನ್ನರು ಹೇಳುವುದೇ ಇದು. ಗಂಡಸು ಬಂದಿದ್ದರೆ "ಮರ್ಷ ವೋಘೀಲ" ಆಗುತ್ತಿತ್ತಂತೆ. ನಾವು ಬಂದನು, ಬಂದಳು ಅಂತ ಬಾಲದಲ್ಲಿ ಬದಲಾಯಿಸುವುದನ್ನು ಅವರು ತಲೆಯಲ್ಲಿ ಬದಲಾಯಿಸುತ್ತಾರೆ! ಆ ಮನೆಯ ಮಗಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ನನ್ನ ವ್ಯಾಕರಣದ ಕುತೂಹಲ ನೋಡಿ ನಕ್ಕಳು. ಎರಡು ದಿನ ಅವಳೇ ನಮ್ಮ ದುಭಾಷಿ. ಕುಡಿಯಲು ಬಿಯರ್ ತಂದಿಟ್ಟಾಗ ನಾನು ಗಾಬರಿಯಾದೆ. ಕಾಡು ಗುಲಾಬಿಯ ಕಾಯಿ ಕುದಿಸಿ ಮಾಡುವ, ಅಮಲಿಲ್ಲದ ಕಿಸ್ತ್ ಬಿಯರ್ ಅದು. ಒಂಥರಾ ಹುಳಿಸಿಹಿ. ಸುತ್ತ ಎಲ್ಲರೂ ವೈನ್ ಮಾಡುವ ಸೀಮೆಯಲ್ಲಿ ಕೂತು ಇದನ್ನು ಕಂಡುಹಿಡಿದಿದ್ದಾರೆ ನೋಡಿ.

ಈಗ ಮಸೀದಿ. ದೂಯಿಸಿಯಲ್ಲಿ ಎರಡಿವೆ, ಹಳೇದು ಮತ್ತು ಹೊಸದು. ಊರಿನ ಜಗಳ, ನೆನಪು ಎರಡೂ ಈ ಎರಡು ಕಟ್ಟಡಗಳ ನಡುವೆ ಇದೆ.

ಹಳೇ ಮಸೀದಿ 19ನೇ ಶತಮಾನ ಮುಗಿದು 20ನೆಯದು ಶುರುವಾಗುವ ಹೊತ್ತಿನಲ್ಲಿ ಕಟ್ಟಿದ್ದು. ಆಗಿನ ರಷ್ಯನ್ ಸರ್ಕಾರಕ್ಕೆ ಇದು ಇಷ್ಟ ಇರಲಿಲ್ಲ. ಕಿಸ್ತರನ್ನು ಕ್ರೈಸ್ತರನ್ನಾಗಿ ಮಾಡುವ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು, ಕೆಲವರಿಗೆ ದೀಕ್ಷಾಸ್ನಾನವೂ ಆಗಿತ್ತು. ಕಣಿವೆಯಲ್ಲಿ ಸೇಂಟ್ ಜಾರ್ಜ್ ಹೆಸರಿನ ಚರ್ಚು ಇವತ್ತಿಗೂ ಇದೆ, ಹಿಂದೆ ಮುಸ್ಲಿಂ ಮನೆಯವರೂ ಅಲ್ಲಿ ಹೋಗಿ ಮೇಣದಬತ್ತಿ ಹಚ್ಚುತ್ತಿದ್ದರು. ನನಗೇನೂ ಆಶ್ಚರ್ಯ ಆಗಲಿಲ್ಲ. ನಾನು ಹುಟ್ಟಿ ಬೆಳೆದ ಗದಗಿನ ಕಡೆ ಮೊಹರಂ ಮಾಡುವವರಲ್ಲಿ ಎಷ್ಟು ಜನ ಮುಸ್ಲಿಮರು ಅಂತ ಲೆಕ್ಕ ಹಾಕಲು ಹೋದರೆ ಕಷ್ಟ ಆಗುತ್ತದೆ.

ಶುಕ್ರವಾರ ಮಧ್ಯಾಹ್ನ ಆ ಮಸೀದಿಯಲ್ಲಿ ಹೆಂಗಸರು ಸೇರುತ್ತಾರೆ. ಗಂಡಸರ ಹಿಂದೆ ಪರದೆ ಕಟ್ಟಿಕೊಂಡು ಮೂಲೆಯಲ್ಲಿ ಕೂರುವುದಲ್ಲ, ಇಡೀ ಹಜಾರವೇ ಅವರದು. ಸೇರಿ ಜಿಕ್ರ್ ಮಾಡುತ್ತಾರೆ. ಜಿಕ್ರ್ ಅಂದರೆ ನೆನೆಯುವುದು, ದೇವರ ನಾಮಸ್ಮರಣೆ. ನಮ್ಮಲ್ಲಿ ಭಜನೆ ಅಂದರೆ ಹತ್ತಿರ ಬಂದೀತು, ಆದರೆ ಪೂರ್ತಿ ಅದೂ ಅಲ್ಲ. ಹೇಳುತ್ತೇನೆ ಕೇಳಿ.

ಬಾಗಿಲ ಹೊರಗೆ ಚಪ್ಪಲಿ, ಶೂ, ಮಳೆಗಾಲದ ರಬ್ಬರ್ ಬೂಟು. ಎಣಿಸುವುದು ನನ್ನ ಚಟ, ಹದಿಮೂರು ಜೊತೆ. ನಮ್ಮ ಮೂವರದ್ದು ತೆಗೆದರೆ ಹತ್ತು. ಒಳಗೆ ಹತ್ತು ಜನ ನೆಲದ ಹಾಸಿನ ಮೇಲೆ ದುಂಡಗೆ ಕೂತಿದ್ದರು. ಎಲ್ಲರೂ ವಯಸ್ಸಾದವರು. ಒಬ್ಬರು ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದರು, ಇನ್ನೊಬ್ಬರು ಕಿವಿಯ ಮೆಷೀನು ಸರಿಮಾಡಿಕೊಳ್ಳುತ್ತಿದ್ದರು. ಶುರುವಿನಲ್ಲಿ ಏನೂ ವಿಶೇಷ ಇಲ್ಲ. ಕೂತಲ್ಲೇ, ಮೆಲ್ಲಗೆ, ಲಾ ಇಲಾಹ ಇಲ್ಲಲ್ಲಾಹ್. ಅಲ್ಲಾಹನಲ್ಲದೆ ಬೇರೆ ದೇವರಿಲ್ಲ. ತಲೆ ಬಲಕ್ಕೆ, ಎಡಕ್ಕೆ. ಮಧ್ಯೆ ಒಬ್ಬರು ಚೆಚೆನ್ ಭಾಷೆಯಲ್ಲಿ ಒಂದು ಸಾಲು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಆಮೇಲೆ ಚಪ್ಪಾಳೆ ಸೇರಿತು. ನಾನು ಒಳಗೊಳಗೇ ತಾಳ ಎಣಿಸುತ್ತಿದ್ದೆ. ಆಮೇಲೆ ಒಬ್ಬೊಬ್ಬರೇ ಎದ್ದರು, ಮಂಡಿ ಪಟ್ಟಿಯವರೂ ಎದ್ದರು, ಎದ್ದು ವರ್ತುಲದಲ್ಲಿ ನಡೆಯತೊಡಗಿದರು, ಗಡಿಯಾರದ ಮುಳ್ಳು ತಿರುಗುವುದಕ್ಕೆ ಉಲ್ಟಾ, ಮೊದಲು ನಡಿಗೆ, ಆಮೇಲೆ ದಾಪುಗಾಲು, ಆಮೇಲೆ ಕಾಲು ಅಪ್ಪಳಿಸಿ ಓಟ, ಹಾಸಿನ ಕೆಳಗಿನ ಮರದ ಹಲಗೆ ದಡದಡ ಅನ್ನುತ್ತಿತ್ತು, ಆ ಸದ್ದು ನನ್ನ ಕೂತ ಜಾಗದಿಂದ ಬೆನ್ನಿಗೆ ಹತ್ತಿ ಬಂತು, ನನ್ನ ಎಣಿಕೆ ತಪ್ಪಿಹೋಯಿತು. ಎಪ್ಪತ್ತು ದಾಟಿದ ಹೆಂಗಸರು. ಆಮೇಲೆ ತಟ್ಟಂತ ನಿಲ್ಲಿಸಿದರು. ಯಾರು ಸನ್ನೆ ಮಾಡಿದರೋ ಕಾಣಲಿಲ್ಲ. ಎಲ್ಲರೂ ಕೂತು, ಕೈ ಎತ್ತಿ ಪ್ರಾರ್ಥನೆ ಮಾಡಿ, ಮುಖ ಒರೆಸಿಕೊಂಡರು. ಒಬ್ಬರು ನನ್ನ ಕಡೆ ತಿರುಗಿ ಏನೋ ಕೇಳಿದರು. ದೊಡ್ಡ ಪ್ರಶ್ನೆ ಇರಬೇಕು ಅಂದುಕೊಂಡೆ. "ನಿನಗೆಷ್ಟು ಮಕ್ಕಳು" ಅಂತ ಕೇಳಿದ್ದಂತೆ.

ಈ ಓಡುವ ಜಿಕ್ರಿಗೆ ಒಂದು ಕಥೆ ಇದೆ. ಕುಂತಾ ಹಾಜಿ ಕಿಷಿಯೇವ್ ಅಂತ ಒಬ್ಬ ಚೆಚೆನ್ ಸೂಫಿ, 19ನೇ ಶತಮಾನದವನು. ಇಮಾಮ್ ಶಾಮಿಲ್ ರಷ್ಯದ ವಿರುದ್ಧ ಯುದ್ಧ ಮಾಡುತ್ತಿದ್ದ ಕಾಲದಲ್ಲಿ ಈತ ಬೇರೆಯೇ ಮಾತಾಡಿದ. ಹೀಗೆ ಕಾದಾಡುತ್ತಾ ಹೋದರೆ ನಾವು ಯಾರೂ ಉಳಿಯುವುದಿಲ್ಲ, ಕತ್ತಿ ಕೆಳಗಿಡಿ, ಜಪಮಣಿ ಹಿಡಿಯಿರಿ ಅಂದ. ಗಟ್ಟಿಯಾಗಿ, ಗುಂಪಾಗಿ, ಸುತ್ತುತ್ತಾ ಮಾಡುವ ಜಿಕ್ರ್ ಅವನ ದಾರಿ. ಶಾಮಿಲನಿಗೆ ಇದು ಹಿಡಿಸಲಿಲ್ಲ. 1859ರಲ್ಲಿ ಶಾಮಿಲ್ ಶರಣಾದ. ಸೋತು ಸುಣ್ಣವಾದ ಜನ ಕುಂತಾ ಹಾಜಿಯ ಸುತ್ತ ಸೇರಿದರು. ಈಗ ರಷ್ಯನ್ನರಿಗೆ ಭಯ ಹತ್ತಿತು. ಶಾಂತಿ ಹೇಳುವವನ ಹಿಂದೆ ಇಷ್ಟು ಜನ ಯಾಕೆ ಅಂತ! 1864ರ ಜನವರಿಯಲ್ಲಿ ಹಿಡಿದರು. ಬಿಡಿ ಅಂತ ಕೇಳಲು ಶಾಲಿ ಅನ್ನುವ ಊರಿಗೆ ಬಂದ ಸಾವಿರಾರು ಜನರ ಮೇಲೆ ಗುಂಡು ಹಾರಿಸಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಕುಂತಾ ಹಾಜಿಯನ್ನು ದೂರದ ಉತ್ತರ ರಷ್ಯಕ್ಕೆ ಗಡಿಪಾರು ಮಾಡಿದರು, ಅಲ್ಲೇ 1867ರಲ್ಲಿ ತೀರಿಕೊಂಡ. ಅವನು ಸತ್ತಿಲ್ಲ, ಬರುತ್ತಾನೆ ಅಂತ ನಂಬಿದವರು ಆಮೇಲೂ ಬಹಳ ಕಾಲ ಇದ್ದರು.

ಅವನದು ಕಾದ್ರಿಯಾ ಪಂಥ. ಬಾಗ್ದಾದಿನ ಅಬ್ದುಲ್ ಖಾದರ್ ಜೀಲಾನಿಯವರ ಪಂಥ. ನಮ್ಮ ಉತ್ತರ ಕರ್ನಾಟಕದಲ್ಲಿ ಗ್ಯಾರವಿ ಮಾಡುತ್ತಾರಲ್ಲ, ಮೆಹಬೂಬ್ ಸುಬಾನಿ ಹೆಸರಲ್ಲಿ, ಅದೇ ಸಂತ. ನನಗೆ ಇದು ಅಲ್ಲಿ ಕೂತಾಗ ಗೊತ್ತಿರಲಿಲ್ಲ, ಊರಿಗೆ ಬಂದು ಓದಿದಾಗ ತಿಳಿಯಿತು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಗ್ಯಾರವಿಗೆ ನಾನು ಮಾಲ್ದಿ ತಿನ್ನಲು ಓಡುತ್ತಿದ್ದೆ. ಅಲ್ಲೇ ಗೊತ್ತಿದ್ದರೆ ಆ ಅಜ್ಜಿಯರಿಗೆ ಹೇಳಬಹುದಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಪಾಂಕಿಸಿಗೆ ಸೂಫಿಗಳು ಬಂದದ್ದು 20ನೇ ಶತಮಾನದಲ್ಲಿ. ಮೊದಲು ಬಂದದ್ದು ನಕ್ಷಬಂದಿ ಪಂಥ, ಮೌನವಾಗಿ ಜಿಕ್ರ್ ಮಾಡುವವರು. ಆಮೇಲೆ ಕುಂತಾ ಹಾಜಿಯ ಸದ್ದಿನ ದಾರಿ.

ಇನ್ನು 1944. ಇದನ್ನು ಆವತ್ತು ಬೇಗ ಹೇಳಿ ಮುಗಿಸಿದ್ದೆ, ಹಾಗೆ ಮಾಡಬಾರದಿತ್ತು. ಆ ವರ್ಷ ಫೆಬ್ರುವರಿ 23ಕ್ಕೆ ಸ್ಟಾಲಿನ್ ಸರ್ಕಾರ ಚೆಚೆನ್ಯಾದ ಇಡೀ ಜನವನ್ನು, ಪಕ್ಕದ ಇಂಗುಷ್ ಜನವನ್ನೂ ಸೇರಿಸಿ, ಸುಮಾರು ಐದು ಲಕ್ಷ ಮಂದಿಯನ್ನು ಗೂಡ್ಸ್ ರೈಲಿಗೆ ತುಂಬಿ ಕಜಾಕಸ್ತಾನ, ಕಿರ್ಗಿಜಿಯಾಕ್ಕೆ ಸಾಗಿಸಿತು. ಜರ್ಮನ್ನರಿಗೆ ಸಹಾಯ ಮಾಡಿದರು ಅನ್ನುವ ಆರೋಪ. ಹಸುಗೂಸಿನಿಂದ ಹಿಡಿದು ಹಾಸಿಗೆ ಹಿಡಿದವರ ತನಕ ಎಲ್ಲರ ಮೇಲೂ ಅದೇ ಆರೋಪ. ದಾರಿಯಲ್ಲಿ, ಅಲ್ಲಿನ ಚಳಿಯಲ್ಲಿ, ಹಸಿವಿಗೆ, ಟೈಫಸ್ಸಿಗೆ ಸತ್ತವರು ಬಹಳ. ಊರುಗಳ ಹೆಸರು ಬದಲಾಯಿಸಿದರು. ಗೋರಿಕಲ್ಲುಗಳನ್ನು ಕಿತ್ತು ರಸ್ತೆಗೆ, ಕಟ್ಟಡಕ್ಕೆ ಹಾಕಿದರು. 1957ರಲ್ಲಿ ವಾಪಸ್ ಬರಲು ಬಿಟ್ಟ ಮೇಲೂ ಸುಮಾರು ಎರಡು ದಶಕ ಅವರಿಗೆ ಒಂದು ಮಸೀದಿ ತೆರೆಯಲು ಬಿಡಲಿಲ್ಲ.

ಪಾಂಕಿಸಿಯ ಕಿಸ್ತರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅವರು ಜಾರ್ಜಿಯಾದವರು, ಹೆಸರಿನ ಕೊನೆಗೆ ಶ್ವಿಲಿ. ಅದಕ್ಕೇ ನೆನಪಿಟ್ಟುಕೊಳ್ಳಿ ಅಂದದ್ದು. ಬೆಟ್ಟದ ಆಚೆ ಇಡೀ ತವರು ಖಾಲಿ, ಈಚೆ ಒಂದು ಸಣ್ಣ ಕಣಿವೆಯಲ್ಲಿ ಹಸು ಕರೆಯುವುದು, ಜೋಳ ಬಿಡಿಸುವುದು ನಡೆದೇ ಇತ್ತು. ಹಾಗಂತ ಇಲ್ಲಿ ಸುಖ ಇತ್ತು ಅಂತಲ್ಲ. ಸೋವಿಯತ್ ಕಾಲದಲ್ಲಿ ಧರ್ಮದ ಮೇಲಿನ ಕಣ್ಣು ಇಲ್ಲೂ ಇತ್ತು. ಆಗ ಜಿಕ್ರ್ ಮನೆಯೊಳಗೆ ಹೋಯಿತು. ಮನೆಯೊಳಗೆ ಹೋದದ್ದು ಹೆಂಗಸರ ಕೈಗೆ ಹೋಯಿತು. ಗಂಡಸರಿಗೆ ಕೆಲಸ, ಕಮ್ಯುನಿಸ್ಟ್ ಪಾರ್ಟಿ, ಮೇಲಧಿಕಾರಿಯ ಭಯ. ಮುದುಕಿಯರನ್ನು ಯಾವ ಅಧಿಕಾರಿ ಬಂದು ಕೇಳುತ್ತಾನೆ? ಇದು ನನ್ನ ಊಹೆ ಅಂತಲೇ ಇಟ್ಟುಕೊಳ್ಳಿ. ಆದರೆ ಮಡಿ ಹುಡಿ, ಹಬ್ಬ ಹುಣ್ಣಿಮೆ ಯಾರ ಕೈಯಲ್ಲಿ ಉಳಿಯುತ್ತದೆ ಅಂತ ನಿಮ್ಮ ಮನೆಯಲ್ಲೇ ನೋಡಿ, ಗೊತ್ತಾಗುತ್ತದೆ.

ಈಗ ಹೊಸ ಮಸೀದಿ. 1999ರಲ್ಲಿ ರಷ್ಯಾ ಎರಡನೇ ಸಲ ಚೆಚೆನ್ಯಾದ ಮೇಲೆ ಯುದ್ಧಕ್ಕೆ ಹೋಯಿತು. ಬೆಟ್ಟ ದಾಟಿ ಏಳೆಂಟು ಸಾವಿರ ನಿರಾಶ್ರಿತರು ಈ ಕಣಿವೆಗೆ ಬಂದರು. ಇದ್ದ ಜನದಷ್ಟೇ ಬಂದ ಜನ. ಯೋಚನೆ ಮಾಡಿ, ನಿಮ್ಮ ಬೀದಿಯ ಪ್ರತಿ ಮನೆಗೂ ಇನ್ನೊಂದು ಸಂಸಾರ ಬಂದು ಇಳಿದ ಹಾಗೆ. ಶಾಲೆಯಲ್ಲಿ, ಹಳೇ ಆಸ್ಪತ್ರೆಯಲ್ಲಿ, ಕಿಸ್ತರ ಮನೆಯ ಪಡಸಾಲೆಯಲ್ಲಿ ಉಳಿದರು. ಅವರ ಜೊತೆ ಬಂದೂಕು ಹಿಡಿದವರೂ ಬಂದರು, ಅರಬ್ ದೇಶಗಳ ಹಣವೂ ಬಂತು, ಕಿಡ್ನ್ಯಾಪ್, ಮಾದಕವಸ್ತುವಿನ ದಂಧೆಯೂ ಬಂತು. ಜಾರ್ಜಿಯಾ ಸರ್ಕಾರಕ್ಕೆ ಆಗ ಕರೆಂಟು ಕೊಡುವ ಗತಿಯೇ ಇರಲಿಲ್ಲ, ಇನ್ನು ಕಣಿವೆಯನ್ನು ಯಾರು ನೋಡುತ್ತಾರೆ. ಕೆಂಪು ಇಟ್ಟಿಗೆಯ ದೊಡ್ಡ ಹೊಸ ಮಸೀದಿ ಎದ್ದದ್ದು ಇದೇ ಹೊತ್ತಿನಲ್ಲಿ, 2000ದ ಆಸುಪಾಸು. ಅಲ್ಲಿ ಕಲಿಸಿದ್ದು ಸಲಫಿ ದಾರಿ. ಕುರಾನ್, ಹದೀಸು, ನಮಾಜು, ಅಷ್ಟೇ. ಸಂತರು ಬೇಡ, ಗೋರಿ ಬೇಡ, ಕುಣಿದು ಕುಪ್ಪಳಿಸುವ ಜಿಕ್ರ್ ಅಂತೂ ಬೇಡವೇ ಬೇಡ. ಹರೆಯದವರು ಅತ್ತ ಹೋದರು.

2002ರಲ್ಲಿ ಅಮೆರಿಕ ಜಾರ್ಜಿಯಾದ ಸೈನ್ಯಕ್ಕೆ ತರಬೇತಿ ಕೊಡಲು ಬಂತು, ಪಾಂಕಿಸಿ ಹೆಸರು ಹೇಳಿಯೇ ಬಂತು. ಹತ್ತು ವರ್ಷ ಬಿಟ್ಟು ಸಿರಿಯಾದ ಯುದ್ಧ. ಇಸ್ಲಾಮಿಕ್ ಸ್ಟೇಟಿನ ದೊಡ್ಡ ಕಮಾಂಡರ್ ಅಬು ಒಮರ್ ಅಲ್ ಶಿಶಾನಿ ಇಲ್ಲಿನ ಬಿರ್ಕಿಯಾನಿ ಊರಿನವನು. ಅವನ ತಂದೆ ಕ್ರೈಸ್ತ ಜಾರ್ಜಿಯನ್, ತಾಯಿ ಕಿಸ್ತ್, ಮೊದಲು ಅವನಿದ್ದದ್ದು ಜಾರ್ಜಿಯಾದ ಸೈನ್ಯದಲ್ಲೇ. ಅವನ ಹಿಂದೆ ಇನ್ನೂ ಹಲವು ಹುಡುಗರು ಹೋದರು, ಬಹಳ ಮಂದಿ ವಾಪಸ್ ಬರಲಿಲ್ಲ. ಇಡೀ ಕಣಿವೆಗೆ ಹೆಸರು ಬಂದದ್ದು ಇದರಿಂದ. ನನ್ನ ಅಕ್ಕನ ಮಗಳ ಗೂಗಲ್ ಇದನ್ನೇ ತೋರಿಸಿದ್ದು.

ಇಲ್ಲಿ ನಿಲ್ಲಿಸಿ ಒಂದು ಮಾತು. ಹಳೇ ಮಸೀದಿ ಒಳ್ಳೇದು, ಹೊಸದು ಕೆಟ್ಟದು ಅಂತ ಕಥೆ ಕಟ್ಟುವುದು ಬಹಳ ಸುಲಭ. ಪ್ರವಾಸಕ್ಕೆ ಬರುವವರಿಗೆ ಅಜ್ಜಿಯರ ಜಿಕ್ರ್ ಚಂದ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ನಾನೂ ಹಾಗೆ ಹೋದವಳೇ. ಆದರೆ ಅದೇ ಮನೆಯ ಮಗಳು ನನಗೆ ಹೇಳಿದ್ದು ಬೇರೆ. ತೊಂಬತ್ತರ ದಶಕದಲ್ಲಿ ಇಲ್ಲಿ ಹುಡುಗರ ಕೈಯಲ್ಲಿ ಸಿರಿಂಜು ಇತ್ತು, ಹೊಸ ಮಸೀದಿಗೆ ಹೋಗಲು ಶುರು ಮಾಡಿದ ಮೇಲೆ ನಮ್ಮ ದೊಡ್ಡಪ್ಪನ ಮಗ ಕುಡಿತ, ಸಿಗರೇಟು ಎಲ್ಲ ಬಿಟ್ಟ ಅಂತ. ಅವಳೂ ಅಲ್ಲಿಗೇ ಹೋಗುವವಳು. ಜಿಕ್ರಿಗೆ ನಮ್ಮನ್ನು ಕರೆದುಕೊಂಡು ಬಂದಳು, ಚಪ್ಪಲಿ ಬಿಟ್ಟು ಒಳಗೂ ಬಂದು ಕೂತಳು, ಆದರೆ ಬಾಯಿ ಬಿಡಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಯಾಕೆ ಅಂತ ಕೇಳಿದೆ. "ಇದು ಅಜ್ಜಿಯರದ್ದು" ಅಂದಳು.

ಇನ್ನೊಂದನ್ನೂ ಹೇಳಬೇಕು. 2019ರ ಏಪ್ರಿಲಿನಲ್ಲಿ ಬಿರ್ಕಿಯಾನಿ ಹತ್ತಿರ ಹೊಳೆಗೆ ಜಲವಿದ್ಯುತ್ ಘಟಕ ಕಟ್ಟುವುದನ್ನು ತಡೆಯಲು ಊರವರು ರಸ್ತೆಗಿಳಿದರು, ಪೊಲೀಸರ ಜೊತೆ ದೊಡ್ಡ ಗಲಾಟೆ ಆಯಿತು. ಆವತ್ತು ಹಳೇ ಮಸೀದಿಯವರು, ಹೊಸ ಮಸೀದಿಯವರು ಅಂತ ಇರಲಿಲ್ಲ. ನೀರು ಎಲ್ಲರದ್ದೂ ಅಲ್ವಾ. ಇದನ್ನು ಗೂಗಲ್ ಅಷ್ಟು ಮುಂದೆ ಇಡುವುದಿಲ್ಲ.

ಆವತ್ತು ಸಭೆಯಲ್ಲಿ ಒಬ್ಬರು ಕೇಳಿದರು, ಅಷ್ಟು ಸಾವಿರ ನಿರಾಶ್ರಿತರು ಈಗ ಎಲ್ಲಿ ಅಂತ. ಬಹಳ ಮಂದಿ ಹೊರಟುಹೋದರು. ಯುರೋಪಿಗೆ ಹೋದವರು ಜಾಸ್ತಿ. ಆಸ್ಟ್ರಿಯಾ, ಜರ್ಮನಿ, ಫ್ರಾನ್ಸ್, ಎಲ್ಲ ಕಡೆ ಚೆಚೆನ್ನರಿದ್ದಾರೆ. ಜೋರ್ಡಾನಿನ ಜರ್ಕಾ ಅನ್ನುವ ಪಟ್ಟಣವಂತೂ 1902ರಲ್ಲಿ ಚೆಚೆನ್ ವಲಸಿಗರೇ ಬಂದು ನೆಲೆನಿಂತು ಬೆಳೆಸಿದ್ದು. ಇಳಿದಲ್ಲೆಲ್ಲ ಒಂದು ಮಸೀದಿ ಮಾಡಿಕೊಳ್ಳುತ್ತಾರೆ. ಅವುಗಳಲ್ಲಿ ನಾನು ನೋಡಿದ್ದು ಇದೊಂದೇ.

ಮತ್ತೊಬ್ಬರು, "ಮೇಡಂ, ಈ ಅಜ್ಜಿಯರ ನಂತರ ಯಾರು" ಅಂದರು. ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಬರೆಯಲು ಕೂತಾಗ ಬಿಟ್ಟುಹೋಗಿದ್ದ ಒಂದು ನೆನಪಾಯಿತು. ಅದು ಉತ್ತರವೋ ಅಲ್ಲವೋ, ಹೇಳುತ್ತೇನೆ.

ಜಿಕ್ರ್ ಮುಗಿದು ಎಲ್ಲರೂ ಹೊರಗೆ ಬಂದಾಗ ಗೇಟಿನ ಹತ್ತಿರ ಒಂದು ಹಳೇ ಒಪೆಲ್ ಕಾರು ನಿಂತಿತ್ತು. ಗಡ್ಡ ಬಿಟ್ಟ, ಕಾಲ್ಗಂಟಿನ ಮೇಲೆ ನಿಲ್ಲುವ ಪ್ಯಾಂಟು ಹಾಕಿದ ಹುಡುಗ, ಇಪ್ಪತ್ತೈದು ಇರಬಹುದು. ಮಂಡಿ ಪಟ್ಟಿಯವರ ಮೊಮ್ಮಗ. ಅಜ್ಜಿಯನ್ನು ಇಲ್ಲಿ ಇಳಿಸಿ, ಹೊಸ ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿಸಿ, ಮತ್ತೆ ಕರೆದುಕೊಂಡು ಹೋಗಲು ಬಂದಿದ್ದ. ಪ್ರತಿ ಶುಕ್ರವಾರ ಹೀಗೇ ಅಂತೆ. ನಮ್ಮ ದುಭಾಷಿ ಹುಡುಗಿಯ ಕೈಲಿ ಕೇಳಿಸಿದೆ, ಈ ಜಿಕ್ರ್ ಬಗ್ಗೆ ನೀನೇನು ಹೇಳುತ್ತೀಯ ಅಂತ. ನನ್ನ ಕಡೆ ನೋಡದೆ ಹೇಳಿದ, "ಇದು ಧರ್ಮದಲ್ಲಿಲ್ಲ. ಅಜ್ಜಿಗೆ ಎಷ್ಟೋ ಸಲ ಹೇಳಿದ್ದೇನೆ." ಅಜ್ಜಿಗೆ ಕೇಳಿಸಿತು. ಕೈಚೀಲದಿಂದ ಹೊಡೆಯುವ ಹಾಗೆ ಮಾಡಿದರು. ಉಳಿದವರೆಲ್ಲ ನಕ್ಕರು.

ಆಮೇಲೆ ಬಾಗಿಲು ಹಾಕಬೇಕಿತ್ತು. ಬೀಗ ಹಳೇದು, ಬಿಗಿ. ಆ ಅಜ್ಜಿ ಎರಡು ಸಲ ಕೀ ತಿರುಗಿಸಿದರು, ಆಗಲಿಲ್ಲ. ಏನೋ ಗೊಣಗಿ ಕೀ ಅವನತ್ತ ಚಾಚಿದರು. ಅವನು ಮೆಟ್ಟಿಲು ಹತ್ತಿ ಬಂದು, ಬಾಗಿಲನ್ನು ಭುಜದಿಂದ ಒತ್ತಿ ಹಿಡಿದು, ಬೀಗ ಹಾಕಿದ. ಬಿದ್ದಿದೆಯೋ ಇಲ್ಲವೋ ಅಂತ ಎರಡು ಸಲ ಜಗ್ಗಿ ನೋಡಿ, ಕೀಯನ್ನು ಅಜ್ಜಿಯ ಕೈಚೀಲದೊಳಗೆ ತಾನೇ ಹಾಕಿ, ಜಿಪ್ ಎಳೆದ.